ಅಣ್ಣನನ್ನು ಕಳಿಸಬೇಡಿ

ಅಜ್ಜಂಪುರ, ಮೈಸೂರು ಸಂಸ್ಥಾನ
೧೯೨೬

ತೀರ್ಥರೂಪ ಅಪ್ಪನವರಿಗೆ ನಮಸ್ಕಾರಗಳು.

ಈ ಪರಸೀಮೆಯ ಹಳ್ಳಿ ನನಗೆ ಒಗ್ಗದೆಂದು ಮದರಾಸಿನಿಂದ ಬರೆದಿದ್ದೀರಿ. ನಿಮಗೆ ಸುದ್ದಿ ಬಂದಂತೆ ನಾನು ಕೆಸರಿಗೆ ಬಿದ್ದದ್ದು ನಿಜ. ಹತ್ತಿರದ ಬುಕ್ಕಾಂಬುಧಿ ಹಳ್ಳಿಗೆ ಹೆರಿಗೆ ಮಾಡಿಸಲು ಹೋಗುವಾಗ ಎಮ್ಮೆಗೆ ಹೆದರಿ, ಕೆರೆ ಏರಿಯಿಂದ ಚೀಲದ ಸಮೇತ ಜಾರಿದೆ. ಹಿಂದಿನ ವಾರ ಎತ್ತಿನ ಗಾಡಿಯಿಂದಲೂ ಬಿದ್ದಿದ್ದೆ. ಅದು ನಿಮಗೆ ತಿಳಿದಿರಲಾರದು.

ಅಲ್ಲಿ ಹೆರಿಗೆ ನೋವು ತಿನ್ನುತ್ತಿದ್ದ ಹುಚ್ಚಮ್ಮ ಎಂಬಾಕೆ ನನ್ನನ್ನು ನೋಡಿ ನಕ್ಕುಬಿಟ್ಟಳು. "ಮೊದ್ಲು ಈಯಮ್ಮನ್ನ ತೊಳೀರಿ, ಆಮ್ಯಾಲೆ ನನ್ನ ನೋಡ್ಲಿ" ಅಂದಳು. ನಾನು ತೊಳೆದುಕೊಂಡೆ, ಸಾಮಾನು ಕುದಿಸಿದೆ, ಕಾಲು ಮುಂದಾಗಿದ್ದ ಮಗುವನ್ನು ಜೀವಂತವಾಗಿ ಹೊರತೆಗೆದೆ. ಸುದ್ದಿ ತಂದವರು ಇದನ್ನು ಹೇಳಲಿಲ್ಲವೇ?

ಕರೆದೊಯ್ಯಲು ಅಣ್ಣನನ್ನು ಕಳಿಸಬೇಡಿ, ನಾನು ಬರುವುದಿಲ್ಲ. ಬದಲಿಗೆ ಬಣ್ಣದ ಸೀರೆ ಎರಡು ಕಳಿಸಿ. ವಿಧವೆಗೆ ಬಣ್ಣವೇಕೆಂದು ಅಮ್ಮ ಕೇಳಿದರೆ, ನನಗೆ ಇಷ್ಟವೆಂದೇ ಹೇಳಿ.

ನಿಮ್ಮ ಮಗಳು,
ರಂಗನಾಯಕಿ, ಮಿಡ್‌ವೈಫ್