ನಮ್ಮ ಕಡೆ, ನಿಮ್ಮ ಕಡೆ

ಫೆಬ್ರವರಿ 3, ಸೋಮವಾರ. ಬೆಳಿಗ್ಗೆ 10.40

ಬಿಲ್ಡ್ ಮತ್ತೆ ನಿಂತಿತು. ಅರವತ್ತೊಂದು ಪರ್ಸೆಂಟಿಗೆ. ನಿನ್ನೆಯೂ ಅಲ್ಲಿಗೇ. ಪ್ರೋಗ್ರಾಮಿಗೆ ಒಂದು ಲೈಬ್ರರಿ, ಬೇರೆ ಯಾರೋ ಬರೆದಿಟ್ಟ ಕೋಡಿನ ಗಂಟು, ಬೇಕಂತೆ, ಆ ಲೈಬ್ರರಿಗೆ ಮತ್ತೊಂದು ಬೇಕಂತೆ. ಒಬ್ಬರನ್ನು ಊಟಕ್ಕೆ ಕರೆದರೆ ಓಣಿಯೆಲ್ಲ ಬಂದು ಕೂತ ಹಾಗೆ.

ತಪ್ಪು ನನ್ನದೇ. ಚಿದಾನಂದ ಮಾಲಕರು ಕೇಳಿದಾಗ "ಮಾಡಿ ಕೊಡ್ತೇನ್ರಿ" ಅಂದವಳು ನಾನು. ಜಮಖಂಡಿಯಲ್ಲಿ ಬಿಸಿಎ ಓದಿದ ಜಂಬ. ಇಲ್ಲಿ ಬನಹಟ್ಟಿಯಲ್ಲಿ ಕೂತು ನಾನು ಕಂಪ್ಯೂಟರಿನಲ್ಲಿ ಸೀರೆಯ ದಡಿ, ಸೆರಗು ಬರೆಯುತ್ತೇನೆ. ತೇರದಾಳದಲ್ಲಿ ಅವರ ಶೆಡ್ಡಿನ ಮಗ್ಗ ಅದನ್ನು ನೇಯುತ್ತದೆ. ನಡುವೆ ಒಂದು ಪೆನ್‌ಡ್ರೈವ್. ಇನ್ನು ಮೇಲೆ ಪೆನ್‌ಡ್ರೈವ್ ಬೇಡ, ಫೈಲ್ ತಾನಾಗಿಯೇ ಹೋಗಬೇಕು. ಪರದೆಯ ಮೇಲೆ ಎರಡು ಕಿಟಕಿ — ಒಂದರಲ್ಲಿ ಇಲ್ಲಿನ ಫೈಲುಗಳು, ಇನ್ನೊಂದರಲ್ಲಿ ಅಲ್ಲಿನವು. ಇದರಿಂದ ಹಿಡಿದು ಅದಕ್ಕೆ ಎಳೆದರೆ ಮುಗಿಯಿತು. ಇಂಥ ಪ್ರೋಗ್ರಾಂ ಪುಕ್ಕಟೆ ಸಿಗುತ್ತವೆ. ಆದರೆ ಶೆಡ್ಡಿನ ಕಂಪ್ಯೂಟರ್ ಹಳೇದು, ಸಿದ್ಧವಾದದ್ದು ಒಂದೂ ಅದರಲ್ಲಿ ಏಳುವುದಿಲ್ಲ. ಮೇಲಾಗಿ ಎಲ್ಲ ಇಂಗ್ಲಿಷು. ಅದಕ್ಕೇ ಅಂಥದೊಂದರ ಸೋರ್ಸ್, ಅಂದರೆ ಮೂಲ ಕೋಡ್, ಇಳಿಸಿಕೊಂಡು, ಕನ್ನಡ ತುಂಬಿ, ಆ ಕಂಪ್ಯೂಟರಿನಲ್ಲಿ ಏಳುವ ಹಾಗೆ ನಾನೇ ಬಿಲ್ಡ್ ಮಾಡುತ್ತಿದ್ದೇನೆ.

ಜಕ್ಕಪ್ಪ ಕಾಕಾ ಬರುವ ಹೊತ್ತು. ಚಹಾಕ್ಕೆ ಇಡಬೇಕು.

ಅದೇ ದಿನ, ಮಧ್ಯಾಹ್ನ

ಹನ್ನೊಂದಕ್ಕೆ ಬಂದರು. ಮೆಟ್ಟಿಲ ಮೇಲೆ ಏದುಸಿರು ಮೊದಲು, ಆಮೇಲೆ ಅವರು. ಪರದೆ ನೋಡಿದವರೇ —

"ಅಕ್ಕಾರ, ಇದೇನ್ರಿ, ದಡೀ ತುಂಬ ಕೋಳಿ ಬಿಟ್ಟೀರಿ?"

"ನವಿಲು ಕಾಕಾ ಅದು."

"ಹೌದನ್ರಿ? ಮಗ್ಗಕ್ಕೂ ಒಂದ ಮಾತ ಹೇಳಿರ್ತೇನಿ. ಅದೂ ತಪ್ಪು ತಿಳೀಬಾರದು."

ಮೂವತ್ತು ವರ್ಷ ಮಗ್ಗದ ಫಿಟ್ಟರ್ ಆಗಿದ್ದವರು. ಈಗ ಮೊಣಕಾಲು ಕೈಕೊಟ್ಟಿದೆ, ಮಗ್ಗದ ಕೆಳಗೆ ಕೂರಲಾಗುವುದಿಲ್ಲ. ಮಾಲಕರು ಈ ಪೆನ್‌ಡ್ರೈವ್ ತಿರುಗಾಟಕ್ಕೆ ಹಚ್ಚಿದ್ದಾರೆ. ದಿನಾ ತೇರದಾಳದಿಂದ ಬಸ್ಸಿಗೆ ಬರುತ್ತಾರೆ, ಚಹಾ ಕುಡಿಯುತ್ತಾರೆ, ನನ್ನ ಡಿಸೈನಿಗೆ ಹೆಸರಿಡುತ್ತಾರೆ, ಹೋಗುತ್ತಾರೆ. ಇಪ್ಪತ್ತು ನಿಮಿಷ. ಕಾರ್ತೀಕದಲ್ಲಿ ಅವ್ವ ತೀರಿಕೊಂಡ ಮೇಲೆ ಈ ಮನೆಯಲ್ಲಿ ನನ್ನದಲ್ಲದ ಧ್ವನಿ ಕೇಳುವುದು ಆ ಇಪ್ಪತ್ತು ನಿಮಿಷ ಮಾತ್ರ.

ಫೆಬ್ರವರಿ 6, ಗುರುವಾರ

ಇಡೀ ದಿನ ಮಾತು ಹುಡುಕಿದ್ದೇ ಆಯಿತು. ಅಪ್‌ಲೋಡ್ — ಕಳಿಸು. ಡೌನ್‌ಲೋಡ್ — ತರಿಸು. ಟ್ರಾನ್ಸ್‌ಫರ್ ಸಕ್ಸೆಸ್‌ಫುಲ್‌ಗೆ "ವರ್ಗಾವಣೆ ಯಶಸ್ವಿ" ಅಂತ ಬರೆದು ನನಗೇ ನಗು ಬಂತು. ಯಾವನೋ ತಹಶೀಲ್ದಾರನಿಗೆ ಬೀಳಗಿಗೆ ಟ್ರಾನ್ಸ್‌ಫರ್ ಆದಂತಿದೆ. ಕಾಕಾನನ್ನು ಕೇಳಿದೆ.

"ಕಳಿಸಿದ್ದು ಬಂದು ಸೇರಿದರ ನೀವು ಏನಂತೀರಿ?"

"ಮುಟ್ಟಿತು ಅಂತೀವ್ರಿ. ಮತ್ತೇನಂತಾರ?"

ಮುಟ್ಟಿತು. ಹಾಕಿದೆ. ಎರಡು ಕಿಟಕಿಗಳಿಗೆ ಲೋಕಲ್, ರಿಮೋಟ್ ಅಂತಿತ್ತು. "ನಮ್ಮ ಕಡೆ", "ನಿಮ್ಮ ಕಡೆ" ಮಾಡಿದೆ. ಈ ಎರಡು ಹೊಳೆದದ್ದಕ್ಕೆ ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಒಟ್ಟು ಮುನ್ನೂರ ಹನ್ನೆರಡು ಸಾಲು ಕನ್ನಡವಾಯಿತು. ಇಷ್ಟು ಮಾತು ಈ ವರ್ಷ ಯಾರೊಂದಿಗೂ ಆಡಿಲ್ಲ.

ಫೆಬ್ರವರಿ 8, ಶನಿವಾರ. 3.15

ನೂರು ಪರ್ಸೆಂಟ್! ಬಿಲ್ಡ್ ಆಯಿತು. ತೆರೆದೆ. ಕಿಟಕಿ ಬಂತು, ಗುಂಡಿ ಬಂದವು, ಕನ್ನಡವೂ ಬಂತು — ಕೈಕಾಲು ಮುರಿದುಕೊಂಡು. "ಮುಟ್‌ಟಿತು". "ಬನಹಟ್‌ಟಿ". ಒತ್ತಕ್ಷರ ಕೆಳಗಿಳಿಯದೆ ಪಕ್ಕಕ್ಕೇ ನಿಂತಿದೆ. ಅಕ್ಷರ ಕೂಡಿಸುವ ಲೈಬ್ರರಿಯನ್ನು ಬಿಟ್ಟು ಬಿಲ್ಡ್ ಮಾಡಿದ್ದೇನೆ. ಮತ್ತೆ ಮೊದಲಿಂದ.

5.50 — ಕೂಡಿತು. ಮುಟ್ಟಿತು, ಮುಟ್ಟಿತು, ಮುಟ್ಟಿತು. ಕಣ್ಣು ಉರಿಯುತ್ತಿವೆ.

ಫೆಬ್ರವರಿ 11, ಮಂಗಳವಾರ

ಪೆನ್‌ಡ್ರೈವ್ ಬೇಡವೆನ್ನುವ ಪ್ರೋಗ್ರಾಂ ನಿನ್ನೆ ಪೆನ್‌ಡ್ರೈವಿನಲ್ಲೇ ಹೋಯಿತು, ಕಾಕಾನ ಅಂಗಿ ಕಿಸೆಯಲ್ಲಿ. ಇವತ್ತು ಫೋನಿನಲ್ಲಿ ಹೇಳಿ ಹೇಳಿ ಅವರ ಕೈಯಿಂದಲೇ ಶೆಡ್ಡಿನ ಕಂಪ್ಯೂಟರಿಗೆ ಹಾಕಿಸಿದೆ. ಅಡ್ರೆಸ್, ಪೋರ್ಟ್, ಪಾಸ್‌ವರ್ಡ್. ಕೂಡಿಕೊಂಡಿತು! ಅವರಿಗೆ ನನ್ನ ಫೈಲು ಕಂಡವು, ನನಗೆ ಅವರವು.

"ಕಾಕಾ, ಈಗ ಆ ಸೆರಗಿನ ಫೈಲ್ ಹಿಡೀರಿ. ನಮ್ಮ ಕಡಿಂದ ನಿಮ್ಮ ಕಡೆ ಎಳೀರಿ."

ಎಳೆದರು. "ಇದೇ ಹೆಸರಿನದು ಅಲ್ಲಿ ಇದೆ, ಬದಲಿಸಲೇ?" ಅಂತ ಕೇಳಿತಂತೆ. ಹೂಂ ಒತ್ತಿದರು. ಮುಟ್ಟಿತು ಅಂದಿತು.

ಅವರ ಪರದೆಯ ಮೇಲೆ "ನಮ್ಮ ಕಡೆ" ಅಂದರೆ ತೇರದಾಳ. ಕಳೆದ ವಾರದ ಹಳೇ ಸೆರಗು ಇಲ್ಲಿಗೆ ಬಂದು ನನ್ನ ಹೊಸದರ ಮೇಲೆ ಕೂತಿತು. ನಾಲ್ಕು ದಿನದ ಕೆಲಸ. ಕೂಗಾಡಿದೆ. ಏನೇನು ಅಂದೆನೋ.

"ನಮ್ಮ ಕಡಿಂದ ಅಂತ ನೀವs ಅಂದ್ರೆಲ್ರಿ?" ಅಂದರು. ಆಮೇಲೆ, "ನಾಳೆ ಬಂದು ಉಳದದ್ದ ಬೈಸಿಕೋತೇನಿ ತಗೋರಿ."

ತಪ್ಪು ನನ್ನದು. ನಮ್ಮ, ನಿಮ್ಮ ಅನ್ನುವುದು ಹೇಳುವವರ ಬಾಯಿಗೆ ತಕ್ಕಂತೆ ತಿರುಗುತ್ತದೆ ಅನ್ನುವುದು ಹೊಳೆಯಲೇ ಇಲ್ಲ. ಒಬ್ಬಳೇ ಇದ್ದು ಇದ್ದು, ಆ ಕಡೆಯೂ ಒಬ್ಬರು ಕೂತು ಓದುತ್ತಾರೆಂಬುದು ಮರೆತೇ ಹೋಗಿದೆ.

ಫೆಬ್ರವರಿ 13, ಗುರುವಾರ. 9.40

ಊರ ಹೆಸರೇ ಹಾಕಿದೆ. ಬನಹಟ್ಟಿ. ತೇರದಾಳ. ಹೊಸ ಬಿಲ್ಡ್ ನಿನ್ನೆ ಕಾಕಾ ಒಯ್ದು ಹಾಕಿದ್ದಾರೆ. ಇವತ್ತು ಒಂದು ದಡಿ ಹಿಡಿದು ಎಳೆದೆ. ಒಂಬತ್ತು ಸೆಕೆಂಡ್. ಮುಟ್ಟಿತು.

ಒಂದು ತಪ್ಪಿಲ್ಲ. ಮತ್ತೊಂದು ಕಳಿಸಿದೆ. ಅದೂ ಮುಟ್ಟಿತು. ಕುಣಿಯಬೇಕು ಅನಿಸಿತು. ಯಾರಿಗಾದರೂ ಹೇಳಬೇಕು. ಹನ್ನೊಂದಕ್ಕೆ ಕಾಕಾ ಬರುತ್ತಾರಲ್ಲ, ಹೇಳಿದರಾಯಿತು ಅಂದುಕೊಂಡೆ.

ಆಮೇಲೆ ಹೊಳೆಯಿತು. ಹೇಳಿದ ಮೇಲೆ ಅವರು ಯಾಕೆ ಬರುತ್ತಾರೆ?

12.10 — ಎರಡೂ ಫೈಲುಗಳನ್ನು ತೇರದಾಳದ ಕಿಟಕಿಯಿಂದ ಅಳಿಸಿದ್ದೆ. "ಆತೇನ್ರಿ ನಿಮ್ಮ ಪ್ರೋಗ್ರಾಮ್?" ಅಂದರು ಬಂದವರೇ. "ಇಲ್ಲ ಕಾಕಾ, ಇನ್ನಾ ಸ್ವಲ್ಪ ಐತಿ." ನಾಲಿಗೆ ತಡವರಿಸಲೂ ಇಲ್ಲ. ಪೆನ್‌ಡ್ರೈವ್ ಕೊಟ್ಟೆ. ತಗೊಂಡರು.

ಫೆಬ್ರವರಿ 19, ಬುಧವಾರ

ಈಗ ಇದೇ ರೂಢಿ. ಒಂಬತ್ತೂವರೆಗೆ ಕಳಿಸುವುದು, ಮುಟ್ಟಿತು ಅನ್ನಿಸಿಕೊಳ್ಳುವುದು, ಅಳಿಸುವುದು. ಕಳಿಸದೆಯೂ ಇರಬಹುದು. ಆದರೆ ಕೈ ಕೇಳುವುದಿಲ್ಲ — ಮಾಡಿದ್ದನ್ನು ನಡೆಸಿ ನೋಡುವ ಚಟ. ಹನ್ನೊಂದಕ್ಕೆ ಕಾಕಾ. ಸುಳ್ಳು. ಚಹಾ.

ಮಾಲಕರ ಫೋನ್ ಬಂದಿತ್ತು. "ಏನ್ರಿ ಅಕ್ಷತಾ ಅವರ, ಇನ್ನಾ ಎಷ್ಟ ದಿನಾ ಎಳೀತೀರಿ?" ಫಾಂಟ್ ಪ್ರಾಬ್ಲೆಮ್ ಅಂದೆ. ಫಾಂಟ್ ಅಂದ ಕೂಡಲೇ ಎಲ್ಲರೂ ಗಪ್‌ಚಿಪ್ ಆಗುತ್ತಾರೆ.

ಇವತ್ತು ಕಾಕಾ ತಮ್ಮ ಮನೆಯ ಸುದ್ದಿ ಹೇಳಿದರು. ಅವರ ಹೆಂಡತಿ ಲಗಮವ್ವ ಕಾಕೂ ಟೀವಿ ಜೊತೆ ಜಗಳ ಆಡುತ್ತಾರಂತೆ. ಬಹಳ ನಕ್ಕೆ. ಅವರು ಹೋದ ಮೇಲೂ ಒಬ್ಬಳೇ ಒಂದಿಷ್ಟು ನಕ್ಕೆ.

ಫೆಬ್ರವರಿ 22, ಶನಿವಾರ

ಏದುಸಿರು ಕೇಳಿತು, ಕಾಕಾ ಬರಲಿಲ್ಲ. ಹೋಗಿ ನೋಡಿದರೆ ನಡು ಮೆಟ್ಟಿಲಲ್ಲಿ ಕೂತಿದ್ದಾರೆ. ಮೊಣಕಾಲು ಬಾತಿದೆ.

"ಡಾಕ್ಟರು ಮೆಟ್ಟಲಾ ಹತ್ತಬ್ಯಾಡ ಅಂದಾರ್ರಿ. ಅವರಿಗೇನ ಗೊತ್ತು, ನಿಮ್ಮ ಮನಿ ಮಾಳಗಿ ಮ್ಯಾಲೈತಿ ಅಂತ."

ಪೆನ್‌ಡ್ರೈವ್ ಕೈಯಲ್ಲಿ ಹಿಡಿದು ನಿಂತಿದ್ದೆ. ಅದರೊಳಗಿನ ಫೈಲ್ ಬೆಳಿಗ್ಗೆಯೇ ತೇರದಾಳ ನೋಡಿ ಬಂದಿತ್ತು. ನನ್ನ ಇಪ್ಪತ್ತು ನಿಮಿಷಕ್ಕೆ ಆ ಮನುಷ್ಯನ ಕಾಲು ತೆಗೆಯುತ್ತಿದ್ದೇನೆ. ಥೂ. ಸೋಮವಾರ ಹೇಳಿಬಿಡುತ್ತೇನೆ.

ಫೆಬ್ರವರಿ 24, ಸೋಮವಾರ

ಮೇಲೆ ಹತ್ತಗೊಡಲಿಲ್ಲ. ಚಹಾ ಕೆಳಗಿನ ಕಟ್ಟೆಗೇ ಒಯ್ದೆ.

"ಕಾಕಾ, ಅದು ಆಗೇತಿ. ಹದಿಮೂರನೇ ತಾರೀಖಿಗೇ ಆಗೇತಿ. ಸುಳ್ಳು ಹೇಳಿದೆ ನಾ."

ಚಹಾ ಊದುತ್ತ ಕೂತಿದ್ದರು. "ಗೊತ್ತೈತ್ರಿ."

"ಹೆಂಗ?"

"ದಿನಾ ಒಂಬತ್ತೂವರೀಕ ಫೈಲ್ ಬರ್ತಿತ್ತು, ಐದ ಮಿನಿಟಿಗೆ ಮಾಯ ಆಗ್ತಿತ್ತು. ಮಾಯ ಆಗೂದರಾಗ ಅದನ್ನ ತಗೊಂಡ ಮಗ್ಗಕ್ಕ ಹಚ್ಚಿ, ಆಮ್ಯಾಲೆ ಬಸ್ ಹತ್ತತಿದ್ದೆ."

ಸೀರೆ ಆಗಲೇ ನೇಯಲು ಶುರುವಾಗಿರುತ್ತಿತ್ತು. ಅದೇ ಡಿಸೈನ್ ಒಯ್ಯಲು ಈ ಮನುಷ್ಯ ಬಂದು ನನ್ನ ಮೆಟ್ಟಿಲು ಹತ್ತುತ್ತಿದ್ದರು.

"ಮತ್ತ ಯಾಕ ಬಂದ್ರಿ? ಈ ಕಾಲು ತಗೊಂಡು?"

"ನೀವು ಆಗಿಲ್ಲ ಅಂದ್ರಿ. ಆಗಿಲ್ಲಂದ್ರ ಬರಬೇಕಾಕ್ಕೈತಿ."

ಓಣಿಯಲ್ಲಿ ನಿಂತು ಅತ್ತೆ. ನಾಳೆಯಿಂದ ಬರಬೇಡಿ, ಮನೆಯಲ್ಲಿ ಕಾಲು ಚಾಚಿ ಕೂತಿರಿ ಅಂದೆ. ಅವರ ಎದುರಿಗೇ ಮಾಲಕರಿಗೆ ಫೋನ್ ಹಚ್ಚತೊಡಗಿದೆ.

"ಇನ್ನೊಂದೆರಡ ದಿನಾ ತಡದ ಹೇಳಿದರೂ ನಡೀತಿತ್ತು, ತಂಗಿ" ಅಂದರು.

ಮೊದಲ ಸಲ ತಂಗಿ ಅಂದರು. ನನ್ನ ಮೇಲಿನ ಕನಿಕರಕ್ಕೆ ಅಂದದ್ದು. ಅದೇ ಕನಿಕರ ಸಾಕು, ಇನ್ನು ಅವರನ್ನು ದುಡಿಸಿಕೊಳ್ಳಬಾರದು ಅಂತ ಫೋನ್ ಮಾಡಿ, ಪ್ರೋಗ್ರಾಂ ಆಯಿತು ಅಂದೇ ಬಿಟ್ಟೆ. ಕಾಕಾ ಚಹಾದ ಕಪ್ ಕಟ್ಟೆಯ ಮೇಲಿಟ್ಟು ಎದ್ದರು. ಮನಸ್ಸು ಹಗುರಾಯಿತು.

ಫೆಬ್ರವರಿ 25, ಮಂಗಳವಾರ. 11.00

ಮುಟ್ಟಿತು.

11.20 — ಏನಿಲ್ಲ. ಸುಮ್ಮನೆ ಬರೆದೆ.

ಮಾರ್ಚ್ 4, ಮಂಗಳವಾರ

ಎಂಟು ದಿನ. ಹಾಲಿನವನಿಗೆ "ಅರ್ಧ ಲೀಟರ್ ಸಾಕು" ಅಂದದ್ದು ಬಿಟ್ಟರೆ ಇವತ್ತು ಸಂಜೆಯವರೆಗೂ ಮಾತಿಲ್ಲ. ಫೈಲ್ ಮಾತ್ರ ದಿನಾ ಹೋಗುತ್ತಿವೆ. ಒಂದು ತಕರಾರಿಲ್ಲ. ನನ್ನ ಡಿಸೈನಿಗೆ ಹೆಸರಿಡುವವರಿಲ್ಲ.

ಸಂಜೆ ಮಾಲಕರಿಗೆ ಫೋನ್ ಮಾಡಿದೆ, ಸೆರಗಿನ ನೆಪ ತೆಗೆದು. "ಕಾಕಾನ ಕಾಲು ಹೆಂಗೈತ್ರಿ? ಪ್ರೋಗ್ರಾಮ್ ಮ್ಯಾಲ ಅವರs ಕುಂದ್ರತಾರೇನು?"

"ನಾನs ಕುಂದ್ರತೇನ್ರಿ. ಜಕ್ಕಪ್ಪನ್ನ ಬಿಡಿಸೇನಿ. ಮಗ್ಗದ ಕೆಲಸ ಅವನ ಕೈಲೆ ಆಗೂದಿಲ್ಲ. ಪೆನ್‌ಡ್ರೈವ್ ತರೂದೊಂದs ಉಳದಿತ್ತು, ಅದೂ ನಿಮ್ಮ ಪ್ರೋಗ್ರಾಮಿಗೆ ಹೋತು. ಖರೇನs ಛಲೋ ಮಾಡಿಕೊಟ್ಟೀರಿ ನೋಡ್ರಿ."

"ಬಿಡಿಸೀರಿ?" ಅಂದೆ.

"ಯಾಕ, ಅಂವಾ ನಿಮಗ ಹೇಳಿಲ್ಲ? ಪ್ರೋಗ್ರಾಮ್ ಆದ ದಿನಾನs ನಿಂದು ಕಡೀ ದಿನಾ ಅಂತ ಮೊದಲs ಹೇಳಿದ್ದೆ ಅವಂಗ."

ಎಲ್ಲ ಗೊತ್ತಿದ್ದೂ ಕಾಕಾ ತಾವೇ ಆ ಪ್ರೋಗ್ರಾಂ ಕಿಸೆಯಲ್ಲಿ ಒಯ್ದು ಹಾಕಿದರು. ನಾನು ಸುಳ್ಳು ಹೇಳಿದಷ್ಟು ದಿನ ಅವರ ಕೆಲಸ ಇತ್ತು. ಖರೆ ಹೇಳಿದ ದಿನ ಹೋಯಿತು. ಹೇಳಿ ಮನಸ್ಸು ಹಗುರಾಯಿತು ಅಂತ ಬೇರೆ ಬರೆದುಕೊಂಡಿದ್ದೇನೆ. ಓದಿದರೆ ಮೈ ಉರಿಯುತ್ತದೆ.

ಮಾರ್ಚ್ 5, ಬುಧವಾರ. 10.35. ಬಸ್ ಸ್ಟ್ಯಾಂಡ್

ತೇರದಾಳದ ಬಸ್ಸಿಗೆ ಕಾಯುತ್ತಿದ್ದೇನೆ. ಅವ್ವ ಹೋದ ಮೇಲೆ ಊರು ಬಿಟ್ಟು ಹೊರಟದ್ದು ಇದೇ ಮೊದಲು. ಬೀರೇಶ್ವರ ಗುಡಿಯ ಹಿಂದಿನ ಮನೆ, ಕೇಳಿಕೊಂಡಿದ್ದೇನೆ. ಕೆಲಸ ಮತ್ತೆ ಕೊಡಿಸುವ ಶಕ್ತಿ ನನಗಿಲ್ಲ. ಬೆಳಿಗ್ಗೆ ಮಾಲಕರನ್ನು ಕೇಳಿ ಆಯಿತು, ಇಲ್ಲ ಅಂದರು. ಪ್ರೋಗ್ರಾಂ ಕೆಡಿಸಬಹುದು, ಒಂದು ನಿಮಿಷದ ಕೆಲಸ. ಮತ್ತೆ ಆ ಮೆಟ್ಟಿಲು ಹತ್ತಿಸಲೇ?

ಏನಂತ ಮಾತು ಶುರು ಮಾಡಲಿ? ಮುಖ ತೋರಿಸುವುದು ಹೇಗೆ? ಕಾಕೂ ಬಾಗಿಲಲ್ಲೇ ನಿಲ್ಲಿಸಿ ಬೈದರೆ ಬೈಸಿಕೊಳ್ಳುತ್ತೇನೆ. ಆಮೇಲೆ ಹೇಳಬೇಕಾದದ್ದು ಒಂದೇ, ಬಸ್ ಬರುವುದರೊಳಗೆ ಅದನ್ನಾದರೂ ಸರಿಯಾಗಿ ಬರೆದುಕೊಳ್ಳುತ್ತೇನೆ —

ಕಾಕಾ, ಆವತ್ತು ಎರಡು ದಿನ ಕೇಳಿದಿರಿ. ನನ್ನ ಸಲುವಾಗಿ ಕೇಳಿದಿರಿ ಅಂತ ತಿಳಿದೆ. ನಿಮಗೂ ಏನಾದರೂ ಬೇಕಿರಬಹುದು ಅಂತ ನಾನು ಒಂದು ಸಲವೂ ಯೋಚಿಸಲಿಲ್ಲ. — ಬಸ್ ಬಂತು.