ಕರಿಬೇವಿನ ಬುಡಕ್ಕೆ ಹೋದ ನೀರು

ಬ್ಯಾಡಗಿ
ತಾ. ೨೪-೪-೧೯೮೯

ಪ್ರೀತಿಯ ಮಗಳು ಮಹಮೂದಾಗೆ ನಿನ್ನ ಅಬ್ಬಾನ ದುವಾ.

ನೀನು ಹೇಗಿದ್ದೀ? ದಿನ ತುಂಬುತ್ತ ಬಂದಂಗ ಕಾಲು ಬಾತಾವ ಅಂದಿದ್ದಿ, ಇಳಿದಾವೇನು? ಅಳಿಯಂದಿರು ಅಬ್ದುಲರಜಾಕ, ಬೀಗತಿ ದೌಲತಬಿಯವರು ಆರಾಮ ಇದ್ದಾರೆಂದು ತಿಳಿದಿದ್ದೇನೆ. ಮೇಡ್ಲೇರಿಯಲ್ಲಿ ಹೊಳೆಯ ಗಾಳಿಯಾದರೂ ಇದ್ದೀತು. ಇಲ್ಲಿ ಪೇಟೆ ತುಂಬ ಮೆಣಸಿನಕಾಯಿ ಘಾಟು, ರಂಜಾನಿನ ರೋಜಾ ಹಿಡಿದು ಒಣಗಿದ ಗಂಟಲಿಗೆ ಸೀನಿ ಸೀನಿ ಸಾಕಾಗ್ಯದ.

ಅಮ್ಮಿಯ ಸುದ್ದಿ ಕೇಳಿದ್ದಿ. ಎದೆಯ ಗಡ್ಡೆ ತೆಗೆದ ಮೇಲೆ ಹುಬ್ಬಳ್ಳಿ ಡಾಕ್ಟರು ಕೊಟ್ಟ ಎಂಡಾಕ್ಸಾನ್ ಗುಳಿಗೆ ನಡೆದಿದ್ದವು. ಹೊಟ್ಟೆ ತೊಳಸತದ, ಕೂದಲು ಕೈಗೆ ಬರಾಕತ್ತಾವ. ಗಡ್ಡೆಯ ಔಷಧಕ್ಕೆ ತಲೆಗೂದಲಿನ ಮೇಲೇನು ಸಿಟ್ಟು ಅಂತ ನಾನು ಡಾಕ್ಟರನ್ನೇ ಕೇಳಿದೆ. ಲಗೂ ಲಗೂ ಬೆಳೆಯೋದನ್ನೆಲ್ಲ ಅದು ಹೊಡೀತದಂತ; ಇದು ರೋಗ, ಇದು ಕೂದಲು ಅಂತ ಆರಿಸೋದಿಲ್ಲ. ಗುಳಿಗೆ ಮುಗಿದ ಮೇಲೆ ಮತ್ತೆ ಬರ್ತಾವಂತ. ನಿನ್ನ ಅಮ್ಮಿ "ಅಲ್ಲೀತನಕ ಎಣ್ಣಿ ಉಳೀತು ಬಿಡ್ರಿ" ಅಂತ ನಕ್ಕಳು.

ಹೋದ ವಾರ ಮೂತ್ರ ಕೆಂಪಗಾಯಿತು. ನಾವು ಬ್ಯಾಡಗಿ ಮಂದಿ ನೋಡು, ಕೆಂಪು ಕಂಡರೆ ಮೊದಲು ಮೆಣಸಿನಕಾಯಿಯೇ ನೆನಪಾಗತದ. ತೊಟ್ಟು ಬಿಡಿಸಿದ ಬೆರಳು ತೊಳೆದರೂ ಕೆಂಪು ಇರ್ತಾವಲ್ಲ, ಹೊಟ್ಟೆಗೆ ಹೋದ ಬಣ್ಣವೂ ಹಂಗೇ ಇದ್ದೀತೆಂದು ನಾನೇ ಆಕೆಗೆ ಚಟ್ನಿ ಬಿಡಿಸಿದೆ. ಕೆಂಪು ಹೋಗಲಿಲ್ಲ. ಡಾಕ್ಟರು ಗದರಿದರು. ಅದು ರಕ್ತವಂತೆ, ಗುಳಿಗೆ ಕರಗಿ ಉಳಿದ ಕಸ ಮೂತ್ರಚೀಲದಲ್ಲಿ ನಿಂತು ಒಳಗೋಡೆ ಸುಡತದ, ಹಗಲೆಲ್ಲ ನೀರು ಕುಡಿದು ಅದನ್ನು ತೊಳೆದು ಹಾಕಬೇಕು. ಸದ್ಯ ಗುಳಿಗೆ ನಿಲ್ಲಿಸಿದ್ದಾರೆ.

ನೀರು ಕುಡಿಯುತ್ತಾಳಲ್ಲ ಎಂದೆ. ದಿನಾ ಮುಂಜಾನೆ ನಾನೇ ಹೂಜಿ ತುಂಬಿಟ್ಟು ಪೇಟೆಗೆ ಹೋಗ್ತೀನಿ, ಸಂಜೆ ಬಂದರೆ ಖಾಲಿ ಇರತದ. ಆದರೆ ನಿನ್ನೆ ಹಿತ್ತಲ ಮೂಲೆಯ ಕರಿಬೇವು ಕಣ್ಣಿಗೆ ಬಿತ್ತು. ಇಂಥ ಬಿಸಿಲಿನಲ್ಲಿ ಮೈತುಂಬ ಚಿಗುರು, ಬುಡ ಹಸಿ. ಗದರಿ ಕೇಳಿದ ಮೇಲೆ ಆಕೆ ಒಪ್ಪಿಕೊಂಡಳು. ನನಗೆ ನಸುಕಿನ ಸಹರಿ ಊಟ ಬಡಿಸಲು ಎದ್ದಾಗಲೇ ತಾನೂ ಎರಡು ತುತ್ತು ತಿಂದು, ಗುಳಿಗೆ ನುಂಗಿ, ರೋಜಾ ಹಿಡಿಯುತ್ತಿದ್ದಳು. ಹೂಜಿಯನ್ನು ಗಿಡಕ್ಕೆ ಸುರಿಯುತ್ತಿದ್ದಳು. ಬ್ಯಾನಿ ಇದ್ದವರಿಗೆ ರೋಜಾ ಮಾಫ್ ಅದ, ಬದಲಿಗೆ ಬಡವರಿಗೆ ಊಟ ಹಾಕಿದರಾಯಿತು ಎಂದು ಮೌಲಾನಾ ಮನೆತನಕ ಬಂದು ಹೇಳಿದರು. ಕೇಳವಲ್ಲಳು.

ನಿನಗೂ ಮನೆಯವರಿಗೂ ಅಲ್ಲಾಹ್ ಆರೋಗ್ಯ ಕೊಡಲಿ.

ನಿನ್ನ ಅಬ್ಬಾ,
ಯೂಸುಫಸಾಬ

ತಾ.ಕ.: ಟಪಾಲಿನ ಹೊತ್ತಾಯಿತು. ರೋಜಾ ಯಾಕ ಬಿಡವಲ್ಲಿ ಅಂದದ್ದಕ್ಕೆ ಈಗ ಬಾಯಿ ಬಿಟ್ಟಳು: "ನನಗಂತ ಅಲ್ರಿ. ಮಗಳ ಹೆರಿಗಿ ಸುಸೂತ್ರ ಆಗಲಿ ಅಂತ ಹಿಡಿದೇನಿ." ನಿನಗಾಗಿ ಹಿಡಿದದ್ದನ್ನು ನೀನೇ ಬಿಡಿಸಬೇಕು. ಬಾಣಂತನಕ್ಕ ನನಗ ಅಮ್ಮಿ ಬೇಕು, ನೀರು ಕುಡಿ ಅಂತ ಎರಡೇ ಸಾಲು, ಆಕೆಯ ಹೆಸರಿಗೇ, ಲಗೂ ಬರಿ.