ಉಪ್ಪು ನೋಡುವವರಿಲ್ಲದ ಆಗಸ್ಟ್

ಪೆತ್ರೋಕಂಬೋಸ್, ಲೆಸ್ವೊಸ್
ಬುಧವಾರ, 5 ಆಗಸ್ಟ್ 1992

ಪ್ರೀತಿಯ ಅಮೆರ್ಸಾ,

ಮೊದಲು ನಿನ್ನ ಮೊಣಕಾಲಿನ ಸಮಾಚಾರ ಬರೆ. ಮೂರನೆಯ ಮಹಡಿ ಹತ್ತುವಾಗ ಎರಡು ಕಡೆ ನಿಂತು ಸುಧಾರಿಸಿಕೊಳ್ಳುತ್ತೇನೆ ಎಂದಿದ್ದೆ. ಈಗ ಒಂದೇ ಕಡೆ ಸಾಕಾಗುತ್ತಿದೆಯೇ? ಆರಿಸ್‌ನ ಕೆಮ್ಮು ಹೇಗಿದೆ? ಅವನಿಗೆ ಸಿಗರೇಟು ಬಿಡು ಎಂದು ಹೇಳಬೇಡ, ಹೇಳಿದರೆ ಎರಡು ಜಾಸ್ತಿ ಸೇದುವ ಜಾತಿ ಅವನದು ಎಂದು ನೀನೇ ಬರೆದಿದ್ದೆ. ನಿಮ್ಮ ಪಿರಿಯಸ್‌ನಲ್ಲಿ ಡಾಂಬರು ಕರಗುವ ಸೆಕೆಯಂತೆ, ರೇಡಿಯೊದಲ್ಲಿ ಕೇಳಿದೆ. ಇಲ್ಲಿ ಎಲ್ಲ ಕ್ಷೇಮ. ಅಪ್ಪನಿಗೆ ಎಂಬತ್ತೆರಡು ತುಂಬಿತು. ಕಿವಿ ಮಂದವಾಗಿದೆ, ಕಂಠ ಆಗಿಲ್ಲ. ಚರ್ಚಿನಲ್ಲಿ ಬಲಗಡೆ ನಿಂತು ಹಾಡುವವರು ಈಗಲೂ ಅವರೇ. ನಾನು ಎಣ್ಣೆಗಾಣದ ಕಚೇರಿಗೆ ಹೋಗುತ್ತೇನೆ, ಬರುತ್ತೇನೆ. ಜೂನಿನ ಬಿಸಿಗಾಳಿಗೆ ಆಲಿವ್ ಹೂವು ಅರ್ಧ ಉದುರಿತು, ಉಳಿದ ಕಾಯಿಗೆ ನೊಣ ಬಿದ್ದಿದೆ. ಕಾಯಿ ಕಡಿಮೆಯಾದ ವರ್ಷ ಮರದ ಕೊಂಬೆಗಳು ಹೇಗೆಲ್ಲ ತಿರುಚಿಕೊಂಡಿವೆ ಎಂಬುದು ಚೆನ್ನಾಗಿ ಕಾಣುತ್ತದೆ. ಈ ವರ್ಷ ನಾನು ಅದನ್ನೇ ಹೆಚ್ಚು ನೋಡುತ್ತಿದ್ದೇನೆ.

ನೀನು ಈ ಮನೆಯ ಹೊಸ್ತಿಲು ದಾಟಿ ಒಂಬತ್ತು ವರ್ಷವಾಯಿತು. ಪಾದ್ರಿಯಿಲ್ಲದೆ, ಪುರಸಭೆಯ ಕೋಣೆಯಲ್ಲಿ ಸಹಿ ಹಾಕಿ ಆರಿಸ್‌ನನ್ನು ಮದುವೆಯಾದೆ, ಅಪ್ಪ ಬರಲಿಲ್ಲ. ಅವರು ಕರೆಯುವ ತನಕ ಕಾಲಿಡುವುದಿಲ್ಲ ಎಂದು ನೀನು. ಬಾಗಿಲು ತೆರೆದೇ ಇದೆ, ಹುಟ್ಟಿದ ಮನೆಗೆ ಕರೆಯೋಲೆ ಬೇರೆಯೇ ಎಂದು ಅವರು. ಮಾರ್ಚಿನಲ್ಲಿ ಅಮ್ಮನ ಮಣ್ಣಿಗೆ ಬಂದವಳು ಸ್ಮಶಾನದಿಂದ ನೇರ ಹಡಗಿಗೆ ಹೋದೆ. ನೀವಿಬ್ಬರೂ ಒಂದೇ ಗಳಿಗೆಯಲ್ಲಿ ಬೇರೆ ಬೇರೆ ಕಡೆ ಮುಖ ತಿರುಗಿಸಿದ್ದನ್ನು ನೋಡಿದೆ, ಕತ್ತು ತಿರುಗಿಸುವ ರೀತಿ ಇಬ್ಬರದೂ ಒಂದೇ. ಈ ಮಾತನ್ನು ನಾನು ಹಿಂದೆಯೂ ಬರೆದು ಹೊಡೆದುಹಾಕಿದ್ದೇನೆ. ನಿನಗೆ ಬರೆಯಲು ಕೂತೆನೆಂದರೆ ಅಪ್ಪ ಕುರ್ಚಿ ಎತ್ತಿಕೊಂಡು ಅಂಗಳಕ್ಕೆ ಹೋಗುತ್ತಾರೆ. ಕುರ್ಚಿ ನೆಲಕ್ಕೆ ಉಜ್ಜುವ ಸದ್ದಿಲ್ಲದೆ ನಾನು ನಿನಗೆ ಹಿಂದೆ ಒಂದು ಪತ್ರವನ್ನೂ ಆರಂಭಿಸಿದ್ದಿಲ್ಲ.

ಇದು ಅಮ್ಮನಿಲ್ಲದ ಮೊದಲ ಆಗಸ್ಟ್, ಆದ್ದರಿಂದ ಚಳಿಗಾಲದ ಗಂಜಿಗೆಂದು ಒಣಗಿಸಿಡುವ ತ್ರಹನಾ ಮಾಡಬೇಕೋ ಬೇಡವೋ ಎಂಬ ಪ್ರಶ್ನೆ ಎದ್ದಿತು. ಸೂತಕದ ಮನೆಯಲ್ಲಿ ಸಿಹಿ ಕೂಡದು, ಹುಳಿಗೇನು ತಡೆ ಎಂದು ಪೆಲಾಗಿಯಾ ಚಿಕ್ಕಮ್ಮ ತೀರ್ಪು ಕೊಟ್ಟಳು. ತನ್ನ ಅಕ್ಕ, ನಮ್ಮ ಅಮ್ಮ, ಸತ್ತ ಮೇಲೆ ಈ ಮನೆಯ ಶಾಸ್ತ್ರವೆಲ್ಲ ಅವಳದೇ. ತ್ರಹನಾ ಇಲ್ಲದೆ ಚಳಿಗಾಲದ ಬೆಳಗು ದಾಟುವುದು ಅಪ್ಪನಿಂದ ಆಗದ ಮಾತು ಎಂಬುದೂ ಅವಳಿಗೆ ಗೊತ್ತು. ಹೀಗಾಗಿ ಜುಲೈ ಕೊನೆಯ ವಾರ ಆಡಿನ ಹಾಲನ್ನು ಮಣ್ಣಿನ ಜಾಡಿಗೆ ಸುರಿದು ಹುಳಿಗಿಟ್ಟವನು ನಾನು. ಅಮ್ಮ ಮಾಡುತ್ತಿದ್ದಂತೆ ದಿನಕ್ಕೊಂದು ಸಲ ಕೈಯಾಡಿಸಿ, ದಿನಕ್ಕೊಂದು ಹಿಡಿ ಉಪ್ಪು ಹಾಕಿದೆ. ಅವಳ ಹಿಡಿ ಎಷ್ಟು ಚಿಕ್ಕದಾಗಿತ್ತು ಎಂಬುದು ನನಗೆ ಹೊಳೆಯಲಿಲ್ಲ. ಸೋಮವಾರ ಅಂಗಳದಲ್ಲಿ ಒಲೆ ಹೂಡಿ, ಹುಳಿಹಾಲು ಕುದಿಸಿ, ಒಡೆದ ಗೋಧಿ ಸುರಿದೆವು. ಚಿಕ್ಕಮ್ಮ, ಪಕ್ಕದ ಮನೆಯ ಸ್ತ್ರಾತೂಲಾ ಮತ್ತು ನಾನು ಸರದಿಯಲ್ಲಿ ಮರದ ಹುಟ್ಟು ತಿರುಗಿಸಿದೆವು. ಸ್ತ್ರಾತೂಲಾ ನನ್ನನ್ನು ನೋಡಿ, ದೋಣಿ ನಡೆಸೋದಾದ್ರೆ ಸಮುದ್ರಕ್ಕೆ ಹೋಗು ಮಾರಾಯಾ, ಇಲ್ಲಿ ತಳ ಹತ್ತುತ್ತೆ ಎಂದು ಗದರಿಸಿದಳು.

ನಿನಗೆ ಹೇಳಬೇಕಾಗಿಲ್ಲ, ಒಂದನೆಯ ತಾರೀಕಿನಿಂದ ಹದಿನೈದರ ತನಕ ದೇವಮಾತೆಯ ಉಪವಾಸ. ಹಾಲು, ಮೊಸರು, ಮೊಟ್ಟೆ ನಾಲಗೆಗೆ ತಾಗುವಂತಿಲ್ಲ. ಆದರೆ ತ್ರಹನಾವನ್ನು ಬಟ್ಟಲಿನಂತೆ ತಟ್ಟಿ ಒಣಗಿಸುವ ಬಿಸಿಲೂ ಆ ಹದಿನೈದು ದಿನಗಳದ್ದೇ. ಮಕ್ಕಳ ನಾಲಗೆಗೆ ಪಾಪವಿಲ್ಲ ಎಂದು ಅಮ್ಮ ನಿನ್ನನ್ನು ಕರೆದು ಸೌಟಿನ ತುದಿ ನೆಕ್ಕಿಸುತ್ತಿದ್ದಳು. ನೀನು ಹತ್ತೊಂಬತ್ತರಲ್ಲಿ ಉಪವಾಸವನ್ನೇ ಬಿಟ್ಟ ಮೇಲೆ ಅಡುಗೆಮನೆಯಿಂದ ಬರುತ್ತಿದ್ದ ಕೂಗು ಬೇರೆ: "ದೇವರಿಲ್ಲದವಳೇ, ಬಾ ಇಲ್ಲಿ, ಉಪ್ಪು ನೋಡು." ಅಪ್ಪ ಆ ಹೊತ್ತಿಗೆ ಸರಿಯಾಗಿ ಕತ್ತೆಗೆ ನೀರು ಕುಡಿಸಲು ಹೋಗಿರುತ್ತಿದ್ದರು. ಒಮ್ಮೊಮ್ಮೆ ಕತ್ತೆ ಆಗಷ್ಟೇ ಕುಡಿದು ಬಂದಿರುತ್ತಿತ್ತು.

ಈ ಸಲ ಕಡಾಯಿಯ ಸುತ್ತ ಮೂವರೂ ಉಪವಾಸಿಗಳು. ಚಿಕ್ಕಮ್ಮ ಅಂದಾಜಿನ ಮೇಲೆ ಉಪ್ಪು ಹಾಕಿದಳು. ಅವಳು ಸೌದೆ ತರಲು ಹೋದಾಗ ಸ್ತ್ರಾತೂಲಾ ಬಣ್ಣ ನೋಡಿ ಸಪ್ಪೆ ಎಂದು ನಿರ್ಧರಿಸಿ ಹಾಕಿದಳು. ಜಾಡಿಯಲ್ಲಿ ನಾನು ಹಾಕಿದ್ದು ಇತ್ತೇ ಇತ್ತು, ಇಳಿಸುವ ಮುಂಚೆ ಇನ್ನೊಂದು ಹಿಡಿ ಹಾಕಿದ್ದೂ ನಾನೇ. ಯಾಕೆಂದು ಈಗ ಕೇಳಿದರೆ ತಿಳಿಯದು, ಅಮ್ಮ ಕೊನೆಗೆ ಏನೋ ಹಾಕುತ್ತಿದ್ದಳು ಎಂಬ ನೆನಪು. ರಾತ್ರಿ ಆರಲು ಬಿಟ್ಟು, ನಿನ್ನೆ ಬೆಳಿಗ್ಗೆ ಗಟ್ಟಿಯಾದ ಮುದ್ದೆಯನ್ನು ಪುಟ್ಟ ಬಟ್ಟಲುಗಳಾಗಿ ತಟ್ಟಿ ಚಾವಣಿಯ ಮೇಲೆ ಬೆತ್ತದ ಚಾಪೆಯಲ್ಲಿ ಸಾಲಾಗಿಟ್ಟೆವು, ನೂರ ನಲವತ್ತು. ಮಧ್ಯಾಹ್ನ ಮಗುಚಲು ಹೋದರೆ ಎಲ್ಲದರ ಅಂಚಿಗೂ ಬಿಳಿ ಹೂವು ಬಂದಂತೆ ಉಪ್ಪು ಒಸರಿತ್ತು. ಕಣಜಗಳು ಕೂಡ ದೂರದಿಂದಲೇ ನೋಡಿ ಹೋಗುತ್ತಿದ್ದವು. ರುಚಿ ನೋಡಿ ಉಪವಾಸ ಮುರಿಯುವ ಅಗತ್ಯವೇ ಇರಲಿಲ್ಲ.

ಯಾರು ಹಾಕಿದ್ದು, ಎಷ್ಟು ಹಾಕಿದ್ದು ಎಂದು ಚಾವಣಿಯ ಮೇಲೆ ವಿಚಾರಣೆ ನಡೆಯಿತು. ಅಪ್ಪನೂ ಏಣಿ ಹತ್ತಿ ಬಂದರು. ಅಮ್ಮ ಒಂಬತ್ತು ವರ್ಷ ನಾಲಗೆಗೆ ಸೋಕಿಸದೆ ಹೇಗೆ ಸರಿಯಾಗಿ ಮಾಡುತ್ತಿದ್ದಳು, ಕೈಯಳತೆ ಎಂದರೆ ಅದು ಎಂದು ಅವರು ಹೇಳಿದ್ದೇ ತಡ, ಚಿಕ್ಕಮ್ಮನಿಗೆ ಎಲ್ಲಿತ್ತೋ ಸಿಟ್ಟು.

"ಯಾವ ಕೈಯಳತೆ ಭಾವ? ಹುಡುಗಿ ಹೋದ ಮೇಲೆ ಅಕ್ಕನೇ ನೆಕ್ಕಿ ನೋಡ್ತಿದ್ಲು. ಹಬ್ಬದ ಮುಂಚೆ ಪಾದ್ರಿ ಹತ್ರ ಹೋಗಿ ತಪ್ಪೊಪ್ಕೊಂಡು ಬರ್ತಿದ್ಲು. ವರ್ಷಾ ವರ್ಷಾ ಒಂದೇ ಪಾಪ. ಬೇರೆ ಏನಾದ್ರೂ ಮಾಡ್ಕೊಂಡು ಬಾರಮ್ಮಾ ಅಂತ ಪಾದ್ರಿನೇ ನಗ್ತಿದ್ರು."

ಅಪ್ಪ ಒಂದು ಬಟ್ಟಲನ್ನು ಕೈಯಲ್ಲಿ ಹಿಡಿದೇ ಇದ್ದರು. ಅದರ ಅಂಚಿನ ಉಪ್ಪನ್ನು ಉಗುರಿನಿಂದ ಕೆರೆಯುತ್ತ, "ನಂಗ್ಯಾಕೆ ಹೇಳ್ಲಿಲ್ಲ?" ಎಂದರು.

"ಹೇಳಿದ್ರೆ ನೀವು ತಿಂತಿದ್ರಾ?"

ಅವರು ಬಟ್ಟಲನ್ನು ಚಾಪೆಯ ಮೇಲೆ ಅದರ ಜಾಗಕ್ಕೇ ಇಟ್ಟರು. ಆ ಒಂಬತ್ತು ಚಳಿಗಾಲಗಳನ್ನು ಅವರು ಮತ್ತೆ ಲೆಕ್ಕ ಹಾಕುತ್ತಿದ್ದಾರೆ ಎಂದು ನನಗನ್ನಿಸಿತು, ಅಥವಾ ಅದು ನನ್ನ ಲೆಕ್ಕವಿರಬಹುದು. ಉಪ್ಪಿನ ಬಟ್ಟಲುಗಳನ್ನು ಚಿಕ್ಕಮ್ಮ ಚೀಲಕ್ಕೆ ತುಂಬಿದ್ದಾಳೆ. ಸಾರಿಗೆ ಒಂದೊಂದು ಚೂರು ಹಾಕಿದರೆ ಉಪ್ಪು ಕೊಳ್ಳುವುದು ತಪ್ಪುತ್ತದೆ ಎಂದು ಅವಳ ಸಮಾಧಾನ. ಇಂದು ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಅಪ್ಪ ಇರಲಿಲ್ಲ. ಕೋಲೂರಿಕೊಂಡು ಮೇಲಿನ ಗುಡ್ಡಕ್ಕೆ, ಕುರುಬ ಗವ್ರೀಲನ ಹಟ್ಟಿಗೆ ಹೋಗಿದ್ದರು. ಮಧ್ಯಾಹ್ನ ಹೇಸರಗತ್ತೆಯ ಮೇಲೆ ಹೊಸ ಹಾಲು ಬಂತು, ಜಾಡಿ ಮತ್ತೆ ತುಂಬಿದೆ. ಅಷ್ಟು ದೂರ ನಡೆದದ್ದಕ್ಕೆ ಬೈದೆ. ಕೇಳಿಸಲಿಲ್ಲ ಎಂದರು.

ಚಿಕ್ಕಮ್ಮ ನಿನ್ನ ಕಣ್ಣಿಗೆ ಮುತ್ತಿಡುತ್ತಾಳೆ, ಕಾಲಿಗೆ ಬೆಚ್ಚಗಿನ ಎಣ್ಣೆಯಲ್ಲಿ ದವನ ಹಾಕಿ ತಿಕ್ಕು ಎನ್ನುತ್ತಾಳೆ. ಸ್ತ್ರಾತೂಲಾ ತಾನು ಹಾಕಿದ್ದು ಅರ್ಧ ಹಿಡಿ ಮಾತ್ರ ಎಂದು ನಿನಗೆ ತಿಳಿಸಲು ಹೇಳಿದ್ದಾಳೆ. ಆರಿಸ್‌ಗೆ ನನ್ನ ನೆನಪು ಕೊಡು. ದೇವಮಾತೆ ನಿನ್ನ ಮೆಟ್ಟಿಲುಗಳನ್ನು ಕಡಿಮೆ ಮಾಡಲಿ. ನೀನು ನಂಬದಿದ್ದರೂ ಅವಳೇನೂ ಬೇಸರಿಸುವವಳಲ್ಲ.

ನಿನ್ನ ಅಣ್ಣ,
ಇಗ್ನಾತಿಸ್

ಮರೆತ ಮಾತು: ಅಂಚೆಯವನು ಕೆಳಗೆ ಕಾಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಇವತ್ತು ನಾನು ಕಾಗದ ತೆಗೆದಾಗ ಅಪ್ಪ ಕುರ್ಚಿ ಎತ್ತಲಿಲ್ಲ, ಮೇಜಿನ ಆ ಬದಿಗೇ ಕೂತಿದ್ದಾರೆ. ಹಾಲು ಹುಳಿಯಾಗಲು ಎಂಟು ದಿನ ಬೇಕು, ಅಂದರೆ ಹದಿಮೂರಕ್ಕೆ ಒಲೆ. ಗವ್ರೀಲನಿಗೆ ಹೇಳಿ ಮೂರು ದಿನ ತಡವಾಗಿ ಹಾಲು ತರಿಸಿದ್ದರೆ ಹದಿನಾರಕ್ಕೆ ಆಗುತ್ತಿತ್ತು, ಉಪವಾಸ ಮುಗಿದಿರುತ್ತಿತ್ತು, ನಾವೇ ರುಚಿ ನೋಡಿಕೊಳ್ಳಬಹುದಿತ್ತು, ಉಪವಾಸವಿಲ್ಲದ ನಾಲಗೆ ಬೇಕಾಗುತ್ತಿರಲಿಲ್ಲ ಎಂದೆ. "ಅದು ಗೊತ್ತು. ಹದಿಮೂರಕ್ಕೇ ಆಗ್ಬೇಕು" ಎಂದರು. ಕಾರಣ ಕೇಳಿದೆ. ಕಿಟಕಿಯ ಕಡೆ ಕತ್ತು ತಿರುಗಿಸಿ, "ಕಾಗದ ಬರೆಯೋನು ನೀನು. ಕಾರಣನೂ ನೀನೇ ಬರಿ" ಎಂದರು.